ಒಂದೇ ಹೆಬ್ಬೆಟ್ಟು, ಮೂರು ಹಾಳೆ

ಮೊನ್ನೆ ಲಕ್ಷ್ಮೇಶ್ವರದ ಹತ್ತಿರದ ಹಳ್ಳಿಯ ಮನೆಯೊಂದರಲ್ಲಿ ಶಾಯಿಡಬ್ಬಿಯ ಮುಚ್ಚಳ ತೆಗೆದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ನೀಲಿ ಶಾಯಿ. ವಾಸನೆ ಮೂಗಿಗೆ ಬಡಿದದ್ದೇ ಮೌಶಿ ನೆನಪಾದಳು...

ಸ್ವಂತ ಮೌಶಿಯಲ್ಲ, ಅವ್ವನ ತಂಗಿಯಲ್ಲ. ಬೆಟಗೇರಿಯಲ್ಲಿ ನಮ್ಮ ಓಣಿಯವಳು, ಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಜನರ ಮೇಲೆ ಔಷಧ ಪರೀಕ್ಷಿಸುವುದು ಸರಿಯೋ ತಪ್ಪೋ ಎಂದು ನೋಡಲು ಒಂದು ಸಮಿತಿ ಇರುತ್ತದೆ. ಅದರಲ್ಲಿ ಡಾಕ್ಟರಲ್ಲದವರೂ ಇರಬೇಕೆಂದು ಅವಳನ್ನು ಸೇರಿಸಿದ್ದರು. ಏಳನೇ ಇಯತ್ತೆವರೆಗೆ ಓದಿದವಳು, ಪ್ರತಿ ಸಾಲನ್ನೂ ಬೆರಳಿಟ್ಟು ಓದುತ್ತಿದ್ದಳು.

ಹಳ್ಳಿಗಳಿಗೆ ಹೋಗಿ ಒಪ್ಪಿಗೆ ಪಡೆಯುವುದು ನನ್ನ ಕೆಲಸ. ಆಗ ರಕ್ತ ಹೆಚ್ಚಿಸುವ ಹೊಸ ಗುಳಿಗೆಯ ಅಧ್ಯಯನ ನಡೆದಿತ್ತು. ಬಸುರಿಯರಿಗೆ ಆ ಗುಳಿಗೆ ಕೊಡುವಂತಿರಲಿಲ್ಲ; ಪ್ರತಿಯೊಬ್ಬಳನ್ನೂ ಒಬ್ಬಳನ್ನೇ ಕೂರಿಸಿ ಕೇಳಬೇಕಿತ್ತು. ಮುಂಡರಗಿ ಕಡೆಯ ಒಂದು ಮನೆಯಲ್ಲಿ ಅತ್ತೆ ಕಟ್ಟೆಯ ಮೇಲಿದ್ದಳು, ಇಬ್ಬರು ಸೊಸೆಯರು ಒಳಗೆ ರೊಟ್ಟಿ ಬಡಿಯುತ್ತಿದ್ದರು.

"ಅವರನ್ನೇನ ಕೇಳ್ತಿ? ಈ ಮನ್ಯಾಗ ನಂದ ಹೆಬ್ಬಟ್ಟು," ಎಂದು ಅತ್ತೆ ಮೂವರ ಒಪ್ಪಿಗೆ ಹಾಳೆಗೂ ತಾನೇ ಒತ್ತಿದಳು.

ನಮ್ಮ ಕಡೆ ಅದೇನು ಹೊಸದಲ್ಲ. ಬಸ್ಸಿನ ಹೊತ್ತೂ ಆಗಿತ್ತು. ಮೂವರ ಗುಳಿಗೆಯನ್ನೂ ಅವಳ ಕೈಗೇ ಕೊಟ್ಟು ಬಂದೆ.

ನಾಲ್ಕನೆಯ ದಿನ ಮೌಶಿ ಕರೆಸಿದಳು. ತಪಾಸಣೆಗೆಂದು ಸಮಿತಿಗೆ ಹೋಗಿದ್ದ ನನ್ನ ಹಾಳೆಗಳು ಅವಳ ಮುಂದಿದ್ದವು. ತಪ್ಪಿದ ಎಳೆಯನ್ನು ದೂರದಿಂದಲೇ ಹಿಡಿಯುವ ಕಣ್ಣು ಅದು. ಮೂರೂ ಗುರುತಿನಲ್ಲಿ ಹಳೆಯ ಗಾಯದ ಅದೇ ಅಡ್ಡಗೀರು.

"ಮೂವರಿಗೂ ಒಂದ ಹೆಬ್ಬಟ್ಟೇನವಾ? ಒಂದ ಸೀರಿ ಮೂರು ಮಂದಿ ಉಟ್ಟಂಗಾತು."

ನಾನು ನಕ್ಕೆ. ಅವಳು ನಗಲಿಲ್ಲ.

"ಸೊಸ್ತೇರು ಬಸರ ಅದಾರೋ ಇಲ್ಲೋ, ನಿನಗ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ; ನಾನು ಕೇಳಿಯೇ ಇರಲಿಲ್ಲ.

ಅಂದೇ ಇಬ್ಬರೂ ಬಸ್ಸು ಹತ್ತಿದೆವು. ಮೌಶಿ ಸೊಸೆಯರನ್ನು ಒಬ್ಬೊಬ್ಬಳನ್ನಾಗಿ ಹಿತ್ತಲಿಗೆ ಕರೆದು ಕೇಳಿದಳು. ಸಣ್ಣ ಸೊಸೆ ತಲೆ ತಗ್ಗಿಸಿದಳು. "ಎರಡ ತಿಂಗಳಾತ್ರಿ. ಹ್ವಾದ ಸಲ ಎಲ್ಲಾರಿಗೂ ಹೇಳಿದ ಮ್ಯಾಲ ಬಸರ ನಿಲ್ಲಲಿಲ್ಲ. ಅದಕ್ಕ ಈ ಸಲ ಅತ್ತಿಗೂ ಹೇಳಿಲ್ಲ."

ಮೂರು ಗುಳಿಗೆ ನುಂಗಿದ್ದಳು.

ಅತ್ತೆಗೆ ಹೇಳಬಹುದೇ ಎಂದು ಮೌಶಿ ಆ ಹುಡುಗಿಯನ್ನೇ ಕೇಳಿ, ಆಮೇಲೆ ಹೇಳಿದಳು. ಮುಂಡರಗಿಯ ಡಾಕ್ಟರು ಗುಳಿಗೆ ನಿಲ್ಲಿಸಿ, ಈಗಲೇ ಏನೂ ಹೇಳಲಾಗದು, ಕಾಯಬೇಕು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವಳ ಕೈ ಹಿಡಿದುಕೊಂಡೆ. "ಮೌಶಿ, ಸಮಿತ್ಯಾಗ ಹೇಳಬ್ಯಾಡ."

"ಹೇಳಾಕ ಬೇಕವಾ. ನೀನ ಹೇಳು. ನಾ ಬಾಜೂಕ ನಿಂತಿರ್ತೀನಿ."

ಪಕ್ಕದಲ್ಲೇ ನಿಂತಳು. ಅಧ್ಯಯನ ನಿಂತಿತು, ಎಲ್ಲ ಮನೆಗಳಲ್ಲೂ ಒಬ್ಬೊಬ್ಬರನ್ನೇ ಮತ್ತೆ ಕೇಳಿ ಬಂದೆವು. ಆ ಏಳು ತಿಂಗಳು ಫೋನು ಬಂದರೆ ಎತ್ತಲು ಹೆದರುತ್ತಿದ್ದೆ. ತಿಂಗಳಿಗೊಮ್ಮೆ ಮೌಶಿ ನನ್ನನ್ನು ಆ ಮನೆಗೆ ಕರೆದೊಯ್ಯುತ್ತಿದ್ದಳು, ಚಹಾ ಕೊಟ್ಟರೆ ಮಾತ್ರ ಮುಟ್ಟುತ್ತಿರಲಿಲ್ಲ. ಹೆಣ್ಣು ಕೂಸು ಹುಟ್ಟಿದ ಮೇಲೆ ಅದರ ಕೈಬೆರಳು, ಕಾಲ್ಬೆರಳು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಆಮೇಲೆ ಚಹಾ ಕೇಳಿ ಕುಡಿದಳು...

ಮೌಶಿ ಹೋಗಿ ವರ್ಷವಾಗುತ್ತ ಬಂತು.

ಮೊನ್ನೆಯ ಆ ಮನೆಯಲ್ಲೂ ಅತ್ತೆ ಹೆಬ್ಬೆಟ್ಟು ಮುಂದೆ ಚಾಚಿ, "ನಾ ಒತ್ತಿದ್ರ ಸಾಲಂಗಿಲ್ಲೇನ?" ಎಂದಳು. ಡಬ್ಬಿ ಮುಚ್ಚಿ ಒಳಗೆ ಹೋದೆ, ಒಲೆಯ ಮುಂದೆ ಸೊಸೆಯ ಪಕ್ಕ ಕುಳಿತೆ. ಒಪ್ಪಿಗೆಯೇ ಎಂದು ಅವಳನ್ನೇ ಕೇಳಿದೆ. ಬಾಜೂಕ ಯಾರೂ ನಿಂತಿರಲಿಲ್ಲ.