ಹೆಲಿಕಾಪ್ಟರಿನ ಹೊಟ್ಟೆ ಸವರುತ್ತಿದ್ದ ಮುತ್ತುರಾಜ್

ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಆಟೋ ಹತ್ತುವ ಮೊದಲು ಬಗ್ಗಿ ಅದರ ತಳ ನೋಡುವವರು ಒಬ್ಬರೇ, ಮುತ್ತುರಾಜ್. ಮೀಟರ್ ನೋಡುವುದು ಬಿಟ್ಟು ಇದೇನು ಸ್ವಾಮಿ ಎಂದು ನಾನೇ ಎಷ್ಟೋ ಸಲ ರೇಗಿದ್ದೇನೆ. ಇಪ್ಪತ್ತು ವರ್ಷ ವಾಯುಸೇನೆಯಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿದ್ದವರು. ಪ್ರತಿ ಹಾರಾಟ ಮುಗಿದ ಮೇಲೆ ನೆಲದಲ್ಲಿ ಮಲಗಿ ಬರಿಗೈಯಲ್ಲಿ ಅದರ ಹೊಟ್ಟೆ ಸವರಿ ನೋಡುತ್ತಿದ್ದರಂತೆ. ಕಣ್ಣಿಗೆ ಕಾಣದ ಗೀರು ಕೈಗೆ ಸಿಗುತ್ತದೆ ಎನ್ನುತ್ತಾರೆ. ಆಮೇಲೇ ತಪಾಸಣೆಯ ಪುಸ್ತಕದಲ್ಲಿ ಸಹಿ. ಈಗ ಮನೆಯ ಮುಂಗೋಣೆಯಲ್ಲಿ ಬೀದಿಯವರ ಮಿಕ್ಸಿ ರಿಪೇರಿ ಮಾಡುತ್ತಾರೆ. ಕೊಟ್ಟ ಮಿಕ್ಸಿ ವಾಪಸು ಬರಲು ವಾರ ಬೇಕು. ಬಂದರೆ ಮತ್ತೆ ಕೆಡುವುದಿಲ್ಲ.

ಎದುರುಮನೆಯ ಪ್ರತಿಭಾ ಅವರ ಮಗಳು ರಂಜಿನಿ ಅದೇ ಕೋಣೆಯಲ್ಲಿ ಸ್ಪ್ಯಾನರ್ ಹಿಡಿದು ಆಡಿ ಬೆಳೆದವಳು. ಮುತ್ತುರಾಜ್ ಹೇಳುತ್ತಿದ್ದ ಕತೆ ಕೇಳಿ ಕೇಳಿಯೇ ವಾಯುಸೇನೆ ಸೇರಿ ಹೆಲಿಕಾಪ್ಟರ್ ಪೈಲಟ್ ಆದಳು. ಅವಳಿಗೆ ಕೆಲಸ ಸಿಕ್ಕ ದಿನ ಈ ಮನುಷ್ಯ ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದರು.

ಹೋದ ಯುಗಾದಿಗೆ ಅವಳು ರಜೆಯಲ್ಲಿ ಬಂದಿದ್ದಳು. ಮುತ್ತುರಾಜ್ ಮನೆಯಲ್ಲಿ ಎಲ್ಲರೂ ಒಬ್ಬಟ್ಟು ತಿನ್ನುತ್ತಿದ್ದಾಗ ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದಳು. ಹೊಳೆಯ ನೀರಿನಿಂದ ಬರೀ ಆಳೆತ್ತರದಲ್ಲಿ ಹೆಲಿಕಾಪ್ಟರ್ ನುಗ್ಗುತ್ತಿದೆ. ಎದುರಿಗೆ ಕರೆಂಟಿನ ತಂತಿ. ಅದರ ಕೆಳಗೇ ತೂರಿ ಹೋಯಿತು. ಹಾರಿಸುತ್ತಿದ್ದವಳು ಅವಳೇ.

"ಹಿಂಗೆ ಹಾರಿಸ್ಬಾರ್ದು, ರೂಲ್ ಇದೆ. ಒಂದೇ ಒಂದ್ಸಲ ಮಾಮ, ಸುಮ್ನೆ" ಅಂದಳು. ಪ್ರತಿಭಾ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳೇಕೆ ಹೇಳಲಿ.

ಮುತ್ತುರಾಜ್ ತಟ್ಟೆ ಕೆಳಗಿಟ್ಟರು.

"ಸುಮನ್ ಅಂತ ಪೈಲಟ್ ಒಬ್ಬ ಇದ್ದ. ನಿನ್ನಷ್ಟೇ ವಯಸ್ಸು. ನನ್ನನ್ನ ಸ್ವಂತ ಅಣ್ಣನ ಥರ ನೋಡ್ತಿದ್ದ. ಒಂದಿನ ಚಕ್ರದ ಸಂದಿಲಿ ನನ್ನ ಕೈಗೆ ಜೋಳದ ಗರಿ ಸಿಕ್ತು. ಅವನು ಎಲ್ಲೂ ಇಳಿದಿರ್ಲಿಲ್ಲ. ಪೈರಿಗೆ ತಾಗೋ ಹಾಗೆ ಹಾರಿಸಿದ್ದ. ನಾನು ಅದನ್ನ ಪುಸ್ತಕದಲ್ಲಿ ಬರೆದಿದ್ರೆ ಅವನ ಕೆಲಸಕ್ಕೇ ಕುತ್ತು. ಪ್ರೀತಿಗೆ ಬಿದ್ದು ಗರಿ ಜೇಬಿಗೆ ಹಾಕ್ಕೊಂಡೆ, ಸಹಿ ಮಾಡ್ದೆ. ಅದಾಗಿ ಹನ್ನೊಂದನೇ ದಿನ ಹಾಗೇ ತಗ್ಗಲ್ಲಿ ಹಾರಿಸಿ ತಂತಿಗೆ ಸಿಕ್ಕ. ಅವನೂ ಹೋದ, ಜೊತೇಲಿದ್ದ ಇಬ್ಬರೂ ಹೋದ್ರು."

ಈ ವಿಷಯ ಅವರ ಹೆಂಡತಿ ಕಮಲಮ್ಮನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ನೀನೇ ಹೋಗಿ ನಿಮ್ಮ ಸಾಹೇಬ್ರಿಗೆ ಹೇಳ್ಬಿಡು ಪುಟ್ಟಿ. ಇಲ್ಲಾಂದ್ರೆ ನಾನು ಕಾಗದ ಬರೀತೀನಿ. ಈ ಸಲ ಮುಚ್ಚಿಡಲ್ಲ."

"ನನ್ನ ಕೆಲಸ ಹೋಗುತ್ತೆ ಮಾಮ!" ರಂಜಿನಿ ಎದ್ದು ಹೋದಳು. ಮಾರನೆಯ ದಿನ ಇವರಿಗೆ ಮುಖ ಕೊಡದೆ ಊರು ಬಿಟ್ಟಳು. ಪ್ರತಿಭಾ ಇವರ ಜೊತೆ ಮಾತು ಬಿಟ್ಟರು. ತಮ್ಮ ಮಿಕ್ಸಿಯನ್ನು ಬಸವನಗುಡಿಯವರೆಗೂ ಹೊತ್ತುಕೊಂಡು ಹೋದರು. ಹಬ್ಬದ ದಿನ ಇದೆಲ್ಲ ಬೇಕಿತ್ತಾ ಎಂದು ನನಗೂ ಸಿಟ್ಟು ಬಂದಿತ್ತು. ಆದರೆ ಬರೆದ ಕಾಗದವನ್ನು ಅಂಚೆಗೂ ಹಾಕಲಾರದೆ, ಹರಿಯಲೂ ಆರದೆ ಅವರು ಅನ್ನ ಬಿಟ್ಟು ಕೂತಿದ್ದನ್ನು ನೋಡಿದ ಮೇಲೆ ಸಿಟ್ಟು ಉಳಿಯಲಿಲ್ಲ. ಸಂಕಟವಾಯಿತು.

ಎರಡು ವಾರ ಕಳೆದು ಒಂದು ಬೆಳಿಗ್ಗೆ ರಂಜಿನಿ ಬ್ಯಾಗಿನ ಸಮೇತ ಬಂದಿಳಿದಳು. ತನ್ನ ಮನೆಗೂ ಹೋಗದೆ ಮುತ್ತುರಾಜ್ ಬಾಗಿಲಿಗೆ ಬಂದಳು.

"ಹೇಳ್ಬಿಟ್ಟೆ ಮಾಮ. ವಿಚಾರಣೆ ಮುಗಿಯೋವರೆಗೂ ಹಾರೋ ಹಾಗಿಲ್ಲ. ಆಮೇಲೂ ಬಿಡ್ತಾರೋ ಇಲ್ವೋ."

ಮುತ್ತುರಾಜ್ ಅವಳ ತಲೆಯ ಮೇಲೆ ಕೈಯಿಟ್ಟು, ನಾವೆಲ್ಲ ನೋಡುತ್ತಿದ್ದಂತೆಯೇ ಅತ್ತುಬಿಟ್ಟರು.

ಅಷ್ಟರಲ್ಲಿ ಪ್ರತಿಭಾ ಬೀದಿಗೆ ಬಂದರು. "ತಲೆ ಕೆಟ್ಟಿದ್ಯಾ ನಿಂಗೆ? ಯಾರೋ ಏನೋ ಅಂದ್ರು ಅಂತ ಹೋಗಿ ಒಪ್ಕೊಂಡ್ಬಿಡೋದಾ?" ಎಂದು ಮಗಳ ಮೇಲೆ ಕೂಗಾಡಿದರು. ಸಮಾಧಾನ ಮಾಡೋಣವೆಂದು ನಾನು ಮುಂದೆ ಹೋದೆ. ಮುತ್ತುರಾಜ್ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಬೈಲಿ ಬಿಡಿ. ಸುಮನ್ ತಾಯಿಗೆ ಬೈಯೋಕೆ ಮಗನೇ ಇರ್ಲಿಲ್ಲ."