ದಿಂಬಿನ ಹತ್ತಿ

ಮೂವತ್ತು ವರ್ಷ ಮರ ಕೆತ್ತಿದ ಬಡಗಿ ಯಾರ ಮಾತಿಗೂ ಸೊಪ್ಪು ಹಾಕುವವನಲ್ಲ. ಹೆಂಡತಿ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಾಗ, ಆಸ್ಪತ್ರೆಯವರು ಕೊಟ್ಟ ಊರುಗೋಲು ನೋಡಿ ಮೂಗು ಮುರಿದ. "ಇದೂ ಒಂದು ಕೆಲಸವೇ?" ಅಂತ ತಾನೇ ಜೋಡಿ ಕೋಲು ಕೆತ್ತಿದ. ಕಂಕುಳಿಗೆ ನೋವಾಗದಿರಲೆಂದು ತನ್ನ ದಿಂಬನ್ನೇ ಬಿಚ್ಚಿ, ಮೇಲ್ತುದಿಗೆ ಹತ್ತಿಯ ಮೆತ್ತೆ ಕಟ್ಟಿದ.

"ಭಾರ ಅಂಗೈ ಮೇಲಿರಲಿ, ಕಂಕುಳ ಮೇಲೆ ಬೇಡ" ಅಂತ ನರ್ಸ್ ಹೇಳಿಯೇ ಇದ್ದಳು. ಈ ಮಹಾಬುದ್ಧಿವಂತ ಕೇಳಬೇಕಲ್ಲ! "ಹೊಲಿಯೋ ಕೈ ಅದು, ಯಾಕೆ ನೋಯಿಸ್ಕೋತೀಯ? ಮೆತ್ತೆ ಮೇಲೆ ಹಾಯಾಗಿ ಒರಗು ಕಣೇ" ಅಂದ.

ಅವಳು ಒರಗಿದಳು.

ಎರಡು ತಿಂಗಳಿಗೆ ಕಾಲು ಕೂಡಿತು. ಆದರೆ ಒಂದು ಬೆಳಿಗ್ಗೆ ಅವಳ ಬಲಗೈಯಿಂದ ಲೋಟ ಜಾರಿತು. ಮಣಿಕಟ್ಟು ಬಾಡಿದ ದಂಟಿನಂತೆ ಜೋತುಬಿದ್ದಿತ್ತು.

ಡಾಕ್ಟರು ತಮ್ಮದೇ ತೋಳೆತ್ತಿ ತೋರಿಸಿದರು. ಕೈಯ ನರಗಳೆಲ್ಲ ಕುತ್ತಿಗೆಯಿಂದ ಇಳಿದು ಕಂಕುಳಲ್ಲೇ ಹಾದುಹೋಗುತ್ತವೆ. ಅವುಗಳಲ್ಲಿ ಮಣಿಕಟ್ಟು ಎತ್ತುವ, ಕೈಯ ಹಿಂಭಾಗಕ್ಕೆ ಸ್ಪರ್ಶ ತಿಳಿಸುವ ನರವನ್ನು ಆ ಮೆತ್ತೆ ದಿನಾ ಒತ್ತಿ ಒತ್ತಿ ಸಾಯಿಸಿತ್ತು.

"ಮೊದಲು ಜೋಮು ಹಿಡಿದಿರಬೇಕಲ್ಲ? ಆಗಲೇ ಬಂದಿದ್ರೆ ಕೈ ಉಳೀತಿತ್ತು."

ಅವಳು ತಲೆ ತಗ್ಗಿಸಿದಳು. "ತಿಂಗಳಿಂದ ಹಿಡೀತಿತ್ತು. ಇವರು ಅಷ್ಟು ಆಸೆಯಿಂದ ಮಾಡಿಕೊಟ್ಟಿದ್ದು, ನೊಂದ್ಕೋತಾರೆ ಅಂತ ಹೇಳ್ಲಿಲ್ಲ."

ಮನೆಗೆ ಬರುವ ಬಸ್ಸಿನಲ್ಲಿ ಬಡಗಿ ಅವಳ ಪಕ್ಕ ಕೂತು, ಆ ಬಲಗೈಯ ಹಿಂಭಾಗವನ್ನು ಹೆಬ್ಬೆರಳಿಂದ ಮೆಲ್ಲಗೆ ಸವರತೊಡಗಿದ. ಅವಳು ಕಿಟಕಿಯಾಚೆ ನೋಡುತ್ತಲೇ ಇದ್ದಳು. ಮೂರು ನಿಲ್ದಾಣ ಕಳೆದರೂ, ಅವನು ಸವರುತ್ತಿರುವುದು ಅವಳಿಗೆ ತಿಳಿಯಲೇ ಇಲ್ಲ.