ಹಾವೇರಿ ಮುಟ್ಟದ ಅರ್ಜಿ

ಅಕ್ಕೋರ ಬಲಗೈ ತೋರುಬೆರಳಿನ ಗೆಣ್ಣು ಕಪ್ಪುಗಟ್ಟಿತ್ತು. ಇಂಗ್ಲಿಷ್ ನಾಮಪದದ ಮುಂದೆ ನಾವು ತಪ್ಪು ಪ್ರಿಪೊಸಿಷನ್ ಬರೆದಾಗಲೆಲ್ಲ ಆ ಗೆಣ್ಣಿನಿಂದಲೇ ಹಲಗೆ ಕುಟ್ಟುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನ ಮೇಲಂತಸ್ತಿನಲ್ಲಿ ಅವರ ಕ್ಲಾಸು. ಪದವಿ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಹನ್ನೊಂದು ಮಂದಿ ನಾವು ಹಾವೇರಿ, ರಾಣೆಬೆನ್ನೂರುಗಳಿಂದ ಬಸ್ಸಿನಲ್ಲಿ ಬರುತ್ತಿದ್ದೆವು.

“ರೀಸನ್ ಒಂದ ಬರಂಗಿಲ್ಲ, ಫಾರ್‌ನ ಕರ್ಕೊಂಡ ಬರ್ತೈತಿ. ಆಬ್ಜೆಕ್ಷನ್‌ಗೆ ಟು. ಯಾಕಂತ ಕೇಳಬ್ಯಾಡ್ರಿ. ನಿಮ್ಮ ಮಾವ ನಿಮ್ಮ ಅತ್ತೀನ್ನ ಯಾಕ ಮಾಡ್ಕೊಂಡ ಅಂತ ಕೇಳೀರೇನು?”

ಪುಸ್ತಕದ ವಾಕ್ಯಗಳು ಅವರಿಗೆ ಸೇರುತ್ತಿರಲಿಲ್ಲ. ನಿಜವಾದ ಪತ್ರಗಳನ್ನೇ ಬರೆಸಿ, ತಿದ್ದಿಸಿ, ಅಂಚೆಗೆ ಹಾಕಿಸುತ್ತಿದ್ದರು.

ಆ ಸುಗ್ಗಿಯಲ್ಲಿ ಗೋದಾಮಿನ ಮಾಲೀಕ ನಮ್ಮ ಮೆಟ್ಟಿಲ ಮೇಲೆಲ್ಲ ಮೆಣಸಿನಕಾಯಿ ಚೀಲ ಪೇರಿಸಿದ. ಪಕ್ಕದಲ್ಲೇ ಕಿಡಿ ಹಾರುವ ಸ್ವಿಚ್ ಬೋರ್ಡು. ಅಕ್ಕೋರು ಕೇಳಿದ್ದಕ್ಕೆ ನಕ್ಕ. “ಮೆಣಸಿನಕಾಯಿ ಕಡೀತಾವೇನ್ರೀ ಅಕ್ಕೋರ? ರೇಟ್ ಏರಲಿ, ತಗೀತೇನಿ.”

ಹಾವೇರಿಯ ಜಿಲ್ಲಾಧಿಕಾರಿ ಕಚೇರಿಗೆ ದೂರು ಕೊಡುವುದೆಂದಾಯಿತು. ಅದೇ ನಮ್ಮ ಪಾಠವೂ ಆಯಿತು. ಎಂಟು ದಿನ ತಿದ್ದಿದೆವು. ಒಂದು ಟು, ಒಂದು ಆಫ್, ಒಂದು ಫಾರ್. ಪ್ರತಿದಿನ ಆ ಚೀಲಗಳ ನಡುವೆ ಅಡ್ಡಡ್ಡ ನುಸುಳಿ ಹತ್ತಿ, ಅವುಗಳ ಬಗ್ಗೆಯೇ ವಾಕ್ಯ ತಿದ್ದಿದೆವು!

“ಇವತ್ತರ ಕಳಸೂಣ್ರಿ,” ಎಂದೆ.

“ತಪ್ಪ ಇಂಗ್ಲಿಷ್ ಕಂಡ್ರ ನಗ್ತಾರವಾ. ನಕ್ಕ ಮ್ಯಾಲ ಓದಂಗಿಲ್ಲ.”

ಒಂಬತ್ತನೆಯ ದಿನ ಮಧ್ಯಾಹ್ನ ಬೋರ್ಡು ಹೊತ್ತಿತು.

ಮೆಣಸಿನಕಾಯಿ ಹೊಗೆ ಕುಡಿದವರಿಗೇ ಗೊತ್ತು. ಕಣ್ಣು ತೆರೆಯಲಾಗದು, ಉಸಿರು ಒಳಗೆ ಹೋಗದು. ಮೆಟ್ಟಿಲ ಬಾಗಿಲು ತೆರೆದವನು ಕೆಮ್ಮುತ್ತ ಬಿದ್ದ. ಅಕ್ಕೋರು ಅವನನ್ನು ಎಳೆದು, ಬಾಗಿಲು ಹಾಕಿ, ಕಿಟಕಿಯಿಂದ ಪಕ್ಕದ ಮನೆಯ ಮಾಳಿಗೆಗೆ ಬೆಂಚು ಹಾಸಿದರು. “ಕೆಳಗ ನೋಡಬ್ಯಾಡ್ರಿ, ಲಗೂ ಹೋಗ್ರಿ!” ಬೆಂಚಿನ ಈಚೆ ತುದಿಯನ್ನು ಅದುಮಿ ಹಿಡಿದು ಹನ್ನೊಂದು ಮಂದಿಯನ್ನೂ ದಾಟಿಸಿದರು. ಅವರು ದಾಟಬೇಕೆಂದರೆ ಈಚೆ ತುದಿ ಹಿಡಿಯುವವರು ಯಾರೂ ಇರಲಿಲ್ಲ. ಅಗ್ನಿಶಾಮಕದವರು ಬರುವವರೆಗೆ ಹೊಗೆಯಲ್ಲೇ ಕುಳಿತಿದ್ದರು. ಈಗಲೂ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ ನಾನು ಅಂಗಳಕ್ಕೆ ಓಡುತ್ತೇನೆ, ಆ ಬೆಂಚು ಮೊಣಕಾಲಡಿಯಲ್ಲಿ ಅಲುಗುತ್ತದೆ.

ಆಸ್ಪತ್ರೆಯಲ್ಲಿ ಅವರ ದನಿ ಗೊರಗೊರ ಅನ್ನುತ್ತಿತ್ತು. “ನೀ ಅಂದಾಗ ಕಳಸಬೇಕಿತ್ತವಾ. ನಾ ತಿದ್ದಕೋತ ಕುಂತೆ.” ಒಂದು ತಿಂಗಳೂ ಉಳಿಯಲಿಲ್ಲ. ಮಣ್ಣಿಗೆ ಬಂದ ಮಾಲೀಕ, “ಎಲ್ಲಾ ದೇವರ ಇಚ್ಛಾ,” ಎಂದು ಕಣ್ಣೊರೆಸಿಕೊಂಡ. ಯಾವ ದೇವರು ಚೀಲ ಹೊತ್ತು ತಂದು ಮೆಟ್ಟಿಲ ಮೇಲಿಟ್ಟಿದ್ದ?

ಅಕ್ಕೋರ ಮೇಲೂ ನನಗೆ ಸಿಟ್ಟಿದೆ. ಜೀವ ಕೊಟ್ಟವರ ಮೇಲೆ ಸಿಟ್ಟಾಗುವುದು ತಪ್ಪೆಂದು ಅವ್ವ ಹೇಳುತ್ತಾಳೆ. ಆದರೆ ಕನ್ನಡದಲ್ಲಿ ಎರಡು ಸಾಲು ಗೀಚಿ ಕೊಟ್ಟಿದ್ದರೆ ಹಾವೇರಿಯಲ್ಲಿ ಓದಲು ಬಾರದವರು ಯಾರಿದ್ದರು? ಅದು ನನಗಾದರೂ ಯಾಕೆ ಹೊಳೆಯಲಿಲ್ಲ?

ಈ ವರ್ಷ ಅದೇ ಮೇಲಂತಸ್ತಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಯುತ್ತಿದೆ. ಮೊನ್ನೆ ನೋಡಿದೆ, ಮೆಟ್ಟಿಲ ಮೇಲೆ ಮತ್ತೆ ಚೀಲಗಳು. ಅಲ್ಲೇ ನಿಂತು, ಗೋಡೆಗೆ ಹಾಳೆಯೊತ್ತಿ ಕನ್ನಡದಲ್ಲಿ ದೂರು ಬರೆದೆ. ಮುಂದಿನ ಬಸ್ಸಿಗೇ ಹಾವೇರಿಗೆ ಹೋಗಿ ಕೊಟ್ಟೆ.

ಗುಮಾಸ್ತ ಓದಿ ತಲೆಯೆತ್ತಿದ. “ಕಲ್ತಾಕಿ ಕಾಣ್ತೀಯವಾ, ಎಷ್ಟ ತಪ್ಪ ಬರ್ದೀ?”

“ಹೌದ್ರಿ. ಮೊದಲ ಸಿಕ್ಕಾ ಒತ್ರಿ.”